ತಣ್ಣಗಿದ್ದಾಗಿನ ಸದ್ದು

ಒಂದು ಊರು, ಆ ಊರಿಗೆಲ್ಲ ಒಬ್ಬನೇ ಸಾಹುಕಾರ ಅಂದುಕೊಳ್ಳಿ. ಅವನ ಹತ್ತಿರ ಒಂದು ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅದನ್ನು ಹತ್ತುವುದಲ್ಲ, ಅದರೊಳಗೆ ಇಳಿಯಬೇಕು! ನಗಬೇಡಿ, ನಮ್ಮ ಸಾಹುಕಾರನ ಹೊಟ್ಟೆಯೂ ಚಿಕ್ಕದೇನಲ್ಲ. ಆದರೂ ಆ ಕಾರೆಂದರೆ ಅವನಿಗೆ ಪ್ರಾಣ.

ಆ ಮನೆಯಲ್ಲೊಂದು ಪದ್ಧತಿ. ಬೆಳಿಗ್ಗೆ ಡ್ರೈವರ್ ಬಂದು ಕಾರು ಸ್ಟಾರ್ಟ್ ಮಾಡಿ, ಒರೆಸಿ, ಹೂವಿಟ್ಟು, ಊದುಬತ್ತಿ ಹಚ್ಚಿ ಬಾಗಿಲಿಗೆ ತಂದು ನಿಲ್ಲಿಸಬೇಕು. ಆ ಹೊತ್ತಿಗೆ ಸಾಹುಕಾರ ಎಲ್ಲಿ? ದೇವರ ಮನೆಯಲ್ಲಿ, ಗಂಟೆ ಬಾರಿಸುತ್ತ. ಅವನು ಹೊರಗೆ ಬರುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಹಿತವಾಗಿ ಗುರುಗುಟ್ಟುತ್ತಿರುತ್ತಿತ್ತು.

ಅಡುಗೆಮನೆಯ ಕಿಟಕಿ ಇದ್ದದ್ದು ಶೆಡ್ಡಿನ ಕಡೆಗೆ. ಒಂದು ದಿನ ಹೆಂಡತಿ ಹೇಳಿದಳು: “ರೀ, ಆ ಕಾರು ಸ್ಟಾರ್ಟ್ ಆದ ತಕ್ಷಣ ಕಟಕಟ ಅಂತ ಹಲ್ಲು ಕಡಿಯುತ್ತೆ. ಒಂದು ಗಳಿಗೆ ಅಷ್ಟೇ, ಆಮೇಲೆ ಸುಮ್ಮನಾಗುತ್ತೆ. ಯಾರಿಗಾದ್ರೂ ತೋರಿಸ್ರೀ.”

“ನಿನ್ನ ಮಿಕ್ಸಿ ಸದ್ದಿರಬೇಕು, ನೋಡ್ಕೋ ಹೋಗೆ,” ಎಂದ. ನೋಡಿ, ಹೇಗಿದೆ ಉತ್ತರ! ಇಂಥ ಉತ್ತರ ನಿಮ್ಮ ಮನೆಯಲ್ಲೂ ಕೇಳಿಬರುತ್ತದೆಯೇ? ಸಭೆಯಲ್ಲಿರೋ ಅಮ್ಮಂದಿರೆಲ್ಲ ನಗುತ್ತಿದ್ದಾರೆ, ಇನ್ನು ನೀವು ಯಾರೂ ಹೇಳುವುದು ಬೇಡ.

ಆದರೂ ಅವನ ತಲೆಯಲ್ಲಿ ಹುಳ ಹೊಕ್ಕಿತು. ಮುಂದಿನ ವಾರ ಘಾಟಿಯ ಕೆಳಗಿನ ಊರಿನಲ್ಲಿ ಮಗಳ ಸೀಮಂತ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೇ ಕಾರಿನಲ್ಲಿ ಬರುತ್ತೇನೆಂದು ನೆಂಟರಿಗೆಲ್ಲ ಸಾರಿಬಿಟ್ಟಿದ್ದ. ಸರಿ, ಗ್ಯಾರೇಜಿಗೆ ಹೊರಟ. ಹೇಗೆ ಹೊರಟ? ಊರೆಲ್ಲ ಒಂದು ಸುತ್ತು ಹಾಕಿಕೊಂಡು! ಇಂಜಿನ್ ಚೆನ್ನಾಗಿ ಕಾದಿತ್ತು. ಮೇಸ್ತ್ರಿ ಬಾನೆಟ್ ಎತ್ತಿ ಕಿವಿಗೊಟ್ಟು, “ಬೆಣ್ಣೆ ಥರ ಇದೆಯಲ್ಲ ಸ್ವಾಮಿ, ಏನೂ ಇಲ್ಲ ಹೋಗಿ,” ಎಂದುಬಿಟ್ಟ. ಸಾಹುಕಾರನಿಗೆ ಅಷ್ಟೇ ಬೇಕಿತ್ತು.

ಮನೆಗೆ ಬಂದು ಮೀಸೆ ತಿರುವಿದ. ಹೆಂಡತಿ ಬಿಡುವವಳೇ? ಮೇಸ್ತ್ರಿಗೇ ಫೋನು ಮಾಡಿದಳು. “ಅಣ್ಣಾ, ನೀವು ನೋಡೋ ಹೊತ್ತಿಗೆ ಅದು ಬಿಸಿಯಾಗಿ ಒಳ್ಳೇದಾಗ್ಬಿಟ್ಟಿರುತ್ತೆ. ತಣ್ಣಗಿರೋವಾಗ ಬಂದು ಕೇಳಿ.”

“ಅಯ್ಯೋ, ನಾನೆಂಥ ಪೆದ್ದ! ನಾಳೆ ಬೆಳಿಗ್ಗೆನೇ ಬರ್ತೀನಿ ಅಕ್ಕಾ. ಅಲ್ಲೀತನಕ ಯಾರೂ ಕೀ ತಿರುಗಿಸಬಾರದು,” ಎಂದ ಮೇಸ್ತ್ರಿ. ಬೆಳಿಗ್ಗೆ ಬಂದು ನೋಡುತ್ತಾನೆ, ಡ್ರೈವರ್ ಮಹಾಶಯ ಕಾರು ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಹೂವಿಟ್ಟು, ಊದುಬತ್ತಿ ಹಚ್ಚಿ ನಿಲ್ಲಿಸಿದ್ದಾನೆ! ಅಭ್ಯಾಸಬಲ ಅಂದರೆ ಇದು ನೋಡಿ. ಮೇಸ್ತ್ರಿ ತಲೆ ಚಚ್ಚಿಕೊಂಡು ವಾಪಸು ಹೋದ.

ಮರುದಿನ ಕೀಲಿ ಹೆಂಡತಿಯ ಸೆರಗಿನ ಗಂಟಿನಲ್ಲಿತ್ತು. ಸಾಹುಕಾರ ಪೂಜೆ ತಡಮಾಡಿ ಶೆಡ್ಡಿಗೆ ಬಂದ. ಮೇಸ್ತ್ರಿ ಕೀ ತಿರುಗಿಸಿದ. ಕಟಕಟಕಟ! ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ಸದ್ದು ಅಡಗಿತು, ಸಾಹುಕಾರನ ಮುಖ ಬಿಳಿಚಿಕೊಂಡಿತು.

“ಒಳಗೆ ಟೈಮಿಂಗ್ ಚೈನು ಅಂತ ಇರುತ್ತೆ ಸ್ವಾಮಿ, ಸೈಕಲ್ ಚೈನಿದ್ದ ಹಾಗೆ,” ಎಂದ ಮೇಸ್ತ್ರಿ. “ಪಿಸ್ಟನ್ ಮೇಲೆ ಬರೋವಾಗ ವಾಲ್ವು ದಾರಿ ಬಿಡಬೇಕು. ಆ ತಾಳ ತಪ್ಪದ ಹಾಗೆ ನೋಡ್ಕೊಳ್ಳೋದು ಅದೇ. ಸವೆದು ಸಡಿಲಾಗಿದೆ. ಆಯಿಲ್ ಮೇಲೇರಿದ್ರೆ ಟೆನ್ಶನರ್ ಅನ್ನೋ ಭಾಗ ಚೈನನ್ನ ಬಿಗಿ ಹಿಡಿಯುತ್ತೆ, ಸದ್ದು ನಿಲ್ಲುತ್ತೆ. ಆದ್ರೆ ಚೈನು ಚಕ್ರದ ಹಲ್ಲು ದಾಟಿದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತೆ. ಘಾಟಿ ತಿರುವಲ್ಲಿ ಇಂಜಿನ್ ನಿಂತುಹೋದ್ರೆ...”

ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ಇಂಜಿನ್ ಬಿಚ್ಚಲು ಶುರುಮಾಡಿದರು. ಸಾಹುಕಾರ ಗ್ಯಾರೇಜಿನ ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕೂತ. ಊಟ ಸೇರಲಿಲ್ಲ. ‘ಕಾರು ಹೋದರೆ ಹೋಗಲಿ, ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಇಳಿಯುತ್ತಿದ್ದೆನಲ್ಲಪ್ಪಾ ಶಿವನೇ’ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ಕೊನೆಗೆ ಮೇಸ್ತ್ರಿ ತಲೆಯೆತ್ತಿ ನಕ್ಕ.

“ಚೈನು ಜಾರೋ ಗೈಡ್ ಪಟ್ಟಿ ಸವೆದು ಕಾಗದ ಆಗಿದೆ, ಟೆನ್ಶನರ್ ಸೋತಿದೆ. ಆದ್ರೆ ಒಂದು ಹಲ್ಲೂ ದಾಟಿಲ್ಲ! ವಾಲ್ವೆಲ್ಲ ಕ್ಷೇಮ. ಹೊಸ ಚೈನು, ಹೊಸ ಪಟ್ಟಿ ಹಾಕಿದ್ರಾಯ್ತು.”

ಅಬ್ಬಾ! ಹೋದ ಜೀವ ಬಂದ ಹಾಗಾಯಿತು. ರಿಪೇರಿಯಾಗಿ ಕಾರು ಮನೆಗೆ ಬಂದ ಮರುದಿನ ಬೆಳಿಗ್ಗೆ ತಣ್ಣಗಿದ್ದ ಇಂಜಿನ್ನಿಗೆ ಸಾಹುಕಾರ ತಾನೇ ಕೀ ತಿರುಗಿಸಿದ. “ಏನಾದ್ರೂ ಕೇಳಿಸ್ತೇನೇ?” ಎಂದು ಅಡುಗೆಮನೆಯ ಕಡೆ ಕೂಗಿದ. “ಇಲ್ಲಾ ರೀ, ಸರಿಹೋಗಿದೆ,” ಎಂದಳು. ಸ್ಟೇರಿಂಗ್ ಹಿಡಿದುಕೊಂಡೇ ಅವನು ಅತ್ತುಬಿಟ್ಟ. ಗಂಡ ಹೆಂಡತಿ ನಗುನಗುತ್ತ ಘಾಟಿ ಇಳಿದರು, ಮಗಳಿಗೆ ಆರತಿ ಎತ್ತಿ ಬಂದರು.

ಈಗ ನಿಮ್ಮ ಕಡೆ ಬರುತ್ತೇನೆ, ಜಾರಿಕೊಳ್ಳಬೇಡಿ. ನೀವು ಈ ಸಭೆಗೆ ಹೇಗೆ ಬಂದಿದ್ದೀರಿ? ಸ್ನಾನ ಮಾಡಿ, ತಿಂಡಿ ತಿಂದು, ಹಣೆಗೆ ವಿಭೂತಿ ಹಚ್ಚಿ, ಹದವಾಗಿ ಬಿಸಿಯಾಗಿ ಬಂದಿದ್ದೀರಿ. ನಿಮ್ಮನ್ನು ನೋಡಿದರೆ ನಾನೂ ಮೋಸಹೋಗುತ್ತೇನೆ, ಎಂಥ ಶಾಂತ ಜನ ಎಂದು! ಬೆಳಿಗ್ಗೆ ಟವೆಲು ಸಿಗಲಿಲ್ಲವೆಂದು ನೀವು ಕಿರುಚಿದ್ದು ನನಗೆ ಕೇಳಿಸಿತೇ? ಇಲ್ಲ. ಕೇಳಿಸಿದ್ದು ಯಾರಿಗೆ? ನಿಮ್ಮ ಮನೆಯವರಿಗೆ. ಹೊತ್ತೇರಿದ ಮೇಲೆ ಸದ್ದು ಅಡಗುತ್ತದೆ ನಿಜ, ಸವೆತ ಅಡಗುತ್ತದೆಯೇ?

ಹೆದರಬೇಡಿ. ಅವರು ಇವತ್ತೂ ನಿಮ್ಮ ತಟ್ಟೆಗೆ ಬಡಿಸಿ, ಹುಷಾರಾಗಿ ಹೋಗಿಬನ್ನಿ ಎಂದು ಕಳಿಸಿದ್ದಾರೆ. ಏನೂ ಮುರಿದಿಲ್ಲ, ಇನ್ನೂ ಕಾಲ ಮಿಂಚಿಲ್ಲ. ಆದರೆ ನೀವು ಹೇಗಿದ್ದೀರಿ ಎಂದು ನನ್ನನ್ನು ಕೇಳಬೇಡಿ, ನಿಮ್ಮನ್ನು ಹೊಗಳುವ ಸ್ನೇಹಿತರನ್ನಂತೂ ಕೇಳಲೇಬೇಡಿ. ನಾಳೆ ಬೆಳಿಗ್ಗೆ, ಕಾಫಿಗೂ ಮುಂಚೆ, ಮನೆಯವರ ಎದುರು ನಿಂತು, “ಎದ್ದ ತಕ್ಷಣ ನಾನು ಹೇಗಿರ್ತೀನಿ, ಹೇಳು,” ಎಂದು ಕೇಳಿ. ಅವರು ಹೇಳಿ ಮುಗಿಸುವ ತನಕ ನೀವು ಬಾಯಿ ತೆರೆಯಬೇಡಿ.