ಗೇಟಿಗೆ ಮುಂಚಿನ ಗುಳಿಗೆ

ಮರಿಯಮ್ಮನಹಳ್ಳಿಯಲ್ಲಿ ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದ ದುರುಗವ್ವನ ಪಕ್ಕ, ನಿನ್ನೆ ಆಸ್ಪತ್ರೆಯ ಕೂಸುಗಳ ವಾರ್ಡಿನಲ್ಲಿ ಕಂಡಿದ್ದ ಇಬ್ಬರು ನರ್ಸುಗಳು ಬಂದು ಕುಳಿತರು. ಕಿರಿಯಳು ಕೆಮ್ಮುತ್ತಿದ್ದಳು. ಹಿರಿಯಳು ಅವಳ ಹಣೆ ಮುಟ್ಟಿ ನೋಡಿದಳು.

“ಮೈ ಸುಡಾಕತ್ತೈತಿ ಸುನಿತಾ, ಮನಿಗೆ ಹೋಗು.”

“ನಾ ಹೋದ್ರ ಗಾಜಿನ ಪೆಟ್ಟಿಗ್ಯಾಗಿನ ಹನ್ನೊಂದು ಕೂಸಿಗೆ ನೀವೊಬ್ರೇ ಆಗ್ತೀರಿ, ಗಂಗಕ್ಕ.”

“ಆಸ್ಪತ್ರಿ ಗೇಟಿನಾಗ ಜ್ವರ ನೋಡ್ತಾರಲ್ಲ?”

“ಈಗ ಗುಳಿಗಿ ನುಂಗಿದ್ರ ಅಷ್ಟೊತ್ತಿಗೆ ಮೈ ತಣ್ಣಗಾಗ್ತೈತಿ. ಕಲಿಸಿದವ್ರು ನೀವ! ಹೋದ ತಿಂಗಳ ಜ್ವರ ಇದ್ರೂ ನೀವು ಹಂಗ ಬಂದಿದ್ದಿಲ್ಲೇನು?”

“ಬಂದಿದ್ದೆ. ಆಮ್ಯಾಲೆ ಮೂರು ಕೂಸಿಗೆ ಕೆಮ್ಮು ಹತ್ತಿತು. ಯಾರಿಂದ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.”

ಆದರೂ ಸುನಿತಾ ಗುಳಿಗೆ ಬಿಡಿಸಿ, ದುರುಗವ್ವನತ್ತ ಕೈಚಾಚಿದಳು.

“ಅಜ್ಜಿ, ಒಂದು ಗುಟುಕು ನೀರು ಕೊಡ್ರಿ.”

ದುರುಗವ್ವ ಬಾಟಲಿಯನ್ನು ಎದೆಗೆ ಅವಚಿಕೊಂಡಳು. ಕೇಳಿದವರಿಗೆ ನೀರು ಇಲ್ಲವೆಂದದ್ದು ಜನ್ಮದಲ್ಲಿ ಇದೇ ಮೊದಲು.

“ಕೊಡಂಗಿಲ್ಲವ್ವ. ಆ ಹನ್ನೊಂದ್ರಾಗ ಒಂದು ನನ್ನ ಮೊಮ್ಮಗಳ ಕೂಸು. ಏಳು ತಿಂಗಳಿಗೇ ಹುಟ್ಟೈತಿ.”

ಸುನಿತಾ ಗುಳಿಗೆಯನ್ನು ಬ್ಯಾಗಿಗೆ ಹಾಕಿ, ರಸ್ತೆ ದಾಟಿ ಊರೊಳಗೆ ನಡೆದಳು. ಬಸ್ಸು ಬಂದಾಗ ಗಂಗಕ್ಕ ಒಬ್ಬಳೇ ಹತ್ತಿದಳು. ಕಂಬಿ ಹಿಡಿದ ಅವಳ ಎರಡು ಕೈಗಳನ್ನು ನೋಡುತ್ತಾ ಹಿಂದೆ ಹತ್ತಿದ ದುರುಗವ್ವನಿಗೆ ಈಗ ಬೇರೆಯೇ ಭಯ ಹತ್ತಿತು: ಹನ್ನೊಂದು ಕೂಸಿಗೆ ಇವೆರಡೇ ಕೈ.