ಪೆಟಿಗ್ರೂ ಅವರ ರಾಜೀನಾಮೆ

ಗುಲಾಮಗಿರಿ ಕೊನೆಗೊಂಡ ಮೇಲೆ ಕರಿಯರ ಕಾವಲಿಗಿದ್ದ ಉತ್ತರದ ಸೈನ್ಯ ಅಮೆರಿಕದ ದಕ್ಷಿಣ ಕ್ಯಾರೊಲಿನಾವನ್ನು ಬಿಟ್ಟುಹೋದ ಕೆಲವೇ ದಿನಗಳಲ್ಲಿ ನಡೆದದ್ದು ಇದು. ಅಗಸಗಿತ್ತಿ ಹೆಸ್ಟರ್ ಮೈಲಿಗೆ ಬಟ್ಟೆಯ ಗಂಟು ಬರುವುದನ್ನು ಕಾಯುತ್ತ ದೋಣಿಕಟ್ಟೆಯಲ್ಲಿ ಕೂತಿದ್ದಳು. ಪಕ್ಕದ ಬೆಂಚಿನಲ್ಲಿ ಅಬ್ರಾಮ್ ಪೆಟಿಗ್ರೂ ಮತ್ತು ಅವರ ಹೆಂಡತಿ ಡೀಲಿಯಾ ಇದ್ದರು. ಗುಲಾಮರಾಗಿ ಹುಟ್ಟಿ ಶಾಸನಸಭೆಗೆ ಹೋದ ಪೆಟಿಗ್ರೂ ಅವರನ್ನು ಆ ಸೀಮೆಯಲ್ಲಿ ಅರಿಯದವರಿರಲಿಲ್ಲ. ಅವರ ಕೈಯಲ್ಲಿದ್ದ ಕಾಗದವನ್ನು ನೋಡುತ್ತ ಡೀಲಿಯಾ ಕೇಳಿದರು:

“ಆ ಬಿಳೀ ಜನ ಕಾಗದದಲ್ಲಿ ಏನ್ ಬರ್ದಿದಾರೆ, ಇನ್ನೊಂದ್ಸಲ ಓದಿ.”

“ಮೋಸದಿಂದ ಗೆದ್ದೆ, ಅದಕ್ಕೇ ಜಾಗ ಬಿಡ್ತಿದೀನಿ ಅಂತ.”

“ಸಹಿ ಹಾಕಿದ್ರೆ?”

“ನಮ್ಮ ಮಗ ಟೈಟಸ್‌ನ ಇವತ್ತೇ ಜೈಲಿಂದ ಬಿಡ್ತಾರಂತೆ.”

“ಹಾಕ್ದಿದ್ರೆ?”

“ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ ಕಣೇ. ನಗ್ತಾ ಇದ್ರು.”

“ಹಳೇ ಧಣಿ ನನ್ ಇಬ್ರು ಮಕ್ಕಳ್ನ ಮಾರ್ಬಿಟ್ಟ. ಉಳಿದೋನು ಇವನೊಬ್ನೇ.”

“ಗೊತ್ತು.”

“ಮತ್ಯಾಕೆ ಇಷ್ಟು ಯೋಚ್ನೆ?”

“ಭತ್ತದ ಗದ್ದೆ ಜನ ಹನ್ನೆರಡು ಮೈಲಿ ನಡ್ಕೊಂಡ್ ಬಂದು ನಂಗೆ ಓಟು ಹಾಕಿದ್ರು. ದಾರೀಲಿ ಗುಂಡು ತಿಂದೋರಿದಾರೆ. ಅವರ ಮನೆಯೋರಿಗೆ ಯಾವ ಮುಖ ತೋರಿಸ್ಲಿ?”

“ಮಗ ಮೊದ್ಲು ಮನೆಗೆ ಬರ್ಲಿ. ಆಮೇಲೆ ಇಬ್ರೂ ಹೋಗಿ ಕಾಲಿಗೆ ಬೀಳೋಣ.”

ಜೈಲಿದ್ದ ಪಟ್ಟಣಕ್ಕೆ ಹೋಗುವ ದೋಣಿಯವನು ಹೊರಡುವ ಕೂಗು ಹಾಕಿದ. ಪೆಟಿಗ್ರೂ ಏಳುವಾಗ ಪಕ್ಕದಲ್ಲಿದ್ದ ಹೆಂಗಸಿಗೆ ಹ್ಯಾಟು ತೆಗೆದು ವಂದಿಸಿದರು. ಗುಂಡು ತಿಂದು ಸತ್ತವರಲ್ಲಿ ಅವಳ ಗಂಡನೂ ಒಬ್ಬನೆಂದು ಅವರಿಗೆ ತಿಳಿದಿರಲಿಲ್ಲ. ಹೆಸ್ಟರ್ ಎದ್ದು ನಿಂತಳು. ಗಂಡ ಹೆಂಡಿರ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

“ಹೋಗ್ಬನ್ನಿ ಸ್ವಾಮಿ. ಮಗನ್ನ ಕರ್ಕೊಂಡ್ ಬನ್ನಿ.”

ದಂಪತಿ ದೋಣಿ ಹತ್ತಿದರು.