ಬಾದಾಮಿಗೆ ಕೊಟ್ಟ ಫಿಯಾಟ್

ಕರೆಂಟ್ ಈಗ ಬರೂ ಹಂಗ ಕಾಣವಲ್ದು. ಕಂದೀಲ ಸಣ್ಣ ಮಾಡು... ಹಾಂ, ಅಷ್ಟ ಸಾಕು. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಕಾಕಾನ ಮಗ ಶಂಕ್ರಪ್ಪನ ಮ್ಯಾಲ ನಡದದ್ದು. ಕಡೀಕ ನನ್ನ ಕಣ್ಣ ಮುಂದ ನಡದದ್ದು.

ಎರಡು ಸಾವಿರದ ಎರಡನೇ ಇಸ್ವಿ ಇರಬೇಕು. ದೀಪಾವಳಿ ಮುಗದು ಥಂಡಿ ಬಿದ್ದಿತ್ತು. ನಾ ಮಗ್ಗಾ ಬಂದ್ ಮಾಡಿ, ಉಂಡು, ನಮ್ಮ ಓಣಿ ಬಾಯಾಗಿನ ಹಳೀ ಬಾವಿ ಕಟ್ಟಿ ಮ್ಯಾಲ ಬೀಡಿ ಸೇದಕೋತ ಕುಂತಿದ್ದೆ. ಇಳಕಲ್ಲ ಪೂರಾ ಮಲಗಿತ್ತು. ದೂರದಿಂದ ಚಪ್ಪಲಿ ಸಪ್ಪಳ ಬಂತು. ಚರ್ರ್... ಚರ್ರ್... ಎಳದು ಎಳದು ಹಾಕೂ ನಡಿಗಿ. ನೋಡಿದ್ರ ಶಂಕ್ರಪ್ಪ. ಒಬ್ಬನ ನಡಕೋತ ಬರಾಕತ್ತಾನ. ನಾಕ ಹೆಜ್ಜಿ ಬರೂದು, ನಿಂದ್ರೂದು, ಹೊಳ್ಳಿ ನೋಡೂದು.

"ಅಣ್ಣಾ, ಗಾಡಿ ಎಲ್ಲೈತಿ?" ಸಣ್ಣಗ ಕೇಳಿದೆ.

"ಕೊಟ್ಟೆ."

"ಯಾರಿಗೆ?"

"ಬಾದಾಮ್ಯಾಗ ಒಬ್ಬಾಂವಗ. ನನ್ನ ಫಿಯಾಟ್ ಅವಗ, ಅವನ ಮಾರುತಿ ವ್ಯಾನ್ ನನಗ."

"ವ್ಯಾನರ ಎಲ್ಲಿ ಮತ್ತ?"

"ಡಾಂಬರ ರಸ್ತೇಕ ನಿಲ್ಲಿಸೇನಿ. ಮನಿ ಮುಂದ ತರಾಕ ಮನಸಾಗ್ಲಿಲ್ಲ."

"ಹಿಂದ ಏನ ನೋಡ್ತಿ?"

"ಏನಿಲ್ಲ, ಅಮಾತೆಪ್ಪ... ಏನೋ ಬಿಟ್ಟು ಬಂದಂಗ ಆಗಾಕತ್ತೇತಿ."

ಅಷ್ಟ ಅಂದು ಹೋದ. ಚರ್ರ್... ಚರ್ರ್...

ಶಂಕ್ರಪ್ಪನ ಕಸಬು ಸೀರಿ ವ್ಯಾಪಾರ. ನೇಕಾರರ ಕಡೆ ಸೀರಿ ತಗೊಂಡು, ಬಾಗಲಕೋಟಿ, ಬಾದಾಮಿ ಅಂಗಡಿಗೆ ಮುಟ್ಟಸ್ತಿದ್ದ. ಹಿಂದಿನ ಸೀಟಿನ ಮ್ಯಾಲ ಸೀರಿ ಗಂಟು, ಎಡಗಡಿ ಸೀಟಿನ ಮ್ಯಾಲ ಅವನ ಹೇಂತಿ, ನಮ್ಮ ವೈನಿ ಅಂಬವ್ವ. ಅಂಗಡಿಯವ್ರಿಗೆ ಗಂಟಿನ್ಯಾಗಿನ ಸೀರಿ ಸೆರಗು ಬಿಚ್ಚಿ ತೋರಿಸಿ ವ್ಯಾಪಾರ ಕುದರ್ಸಾಕಿ ಆಕಿ. ಮಕ್ಕಳಿರ್ಲಿಲ್ಲ. ಇಬ್ರೂ ಆ ಫಿಯಾಟಿನ್ಯಾಗ ಸಂಸಾರ ಮಾಡಿದ್ರು ಅಂದ್ರೂ ನಡೀತೈತಿ.

ವೈನಿ ತೀರಿ ಆವಾಗ ಎರಡು ವರ್ಷ ಆಗಿತ್ತು. ಬಾಗಲಕೋಟಿ ದವಾಖಾನ್ಯಾಗ, ಇನ್ನ ಮನಿಗೆ ಒಯ್ರಿ ಅಂದಿದ್ರು. ಕರಕೊಂಡು ಬರೂಮುಂದ ದಾರ್ಯಾಗ ಜೀವ ಹೋತು. ಅದ ಎಡಗಡಿ ಸೀಟಿನ ಮ್ಯಾಲ. ಅಲ್ಲಿಂದ ಇಂವ ಆ ಸೀಟಿನ ಮ್ಯಾಲ ಯಾರನ್ನೂ ಕುಂಡ್ರಿಸ್ಲಿಲ್ಲ, ಒಂದು ಗಂಟೂ ಇಡ್ಲಿಲ್ಲ. ಗೇರ್ ಹಾಕೂಮುಂದ ಕಣ್ಣು ಆ ಕಡೆ ಹೋಗೂದು. ಕಡೀಕ ತಡಕೊಳ್ಳಾಕ ಆಗಲಾರದ ಗಾಡೀನ ಬದಲಿ ಮಾಡಿಬಿಟ್ಟ.

ಸ್ವಲ್ಪ ದಿವ್ಸ ಹೋದ್ವು. ಒಂದಿನ ಮಧ್ಯಾಹ್ನ ನನ್ನ ಮಗ್ಗದ ಮನಿಗೆ ಬಂದ. ಮಾರಿ ಬೆಳ್ಳಗಾಗಿತ್ತು.

"ಹುಸೇನಪೀರ ಫೋನ್ ಮಾಡಿದ್ದ, ಫಿಯಾಟ್ ತಗೊಂಡಾಂವ. ಗಾಡಿ ಹೊಳ್ಳಿ ಒಯ್ರಿ ಅಂತಾನ. ಯಾಕಂದ್ರ ಹೇಳವಲ್ಲ. ನೀ ಬಾ."

ಅವನ ಮನೀಗೆ ಕೀಲಿ ಹಾಕಿ ಹೋದ್ವಿ, ವ್ಯಾನಿನ್ಯಾಗ. ಗುಡಿ ನೋಡಾಕ ಬಂದ ಮಂದೀನ ಮಹಾಕೂಟ, ಐಹೊಳಿ ತಿರುಗಿಸಿ ತರೂದು ಹುಸೇನಪೀರನ ಕಸಬು. ನಾವು ಮುಟ್ಟೂದ್ರಾಗ ಹೊತ್ತು ಮುಣಗಿತ್ತು. ಫಿಯಾಟ್ ಅವನ ಮನಿ ಮುಂದ ಬೇವಿನ ಗಿಡದ ಕೆಳಗ ನಿಂತಿತ್ತು. ಟಾಪಿನ ಮ್ಯಾಲ ಎಲಿ ಉದರಿದ್ವು. ಭಾಳ ದಿವ್ಸ ಹೊರಗ ತಗದಿಲ್ಲ ಅಂತ ಗೊತ್ತಾಗ್ತಿತ್ತು.

ಹುಸೇನಪೀರ ತಲಿ ಮ್ಯಾಲೆತ್ತಲಿಲ್ಲ. ಅವನ ಹೇಂತಿ ಮಾಬುಬಿ ಚಾ ಕೊಟ್ಟು, ಬಾಗಲ ಚೌಕಟ್ಟಿಗೆ ಒರಗಿ ನಿಂತು ತಾನ ಹೇಳಿದ್ಲು.

"ತ್ರಾಸ ಏನೂ ಕೊಟ್ಟಿಲ್ರಿ, ಸುಳ್ಳ ಹೇಳಬಾರ್ದು. ಕತ್ತಲಾದ ಮ್ಯಾಲ ಗಾಡಿ ಹೊಂಟ್ರ ಎಡಗಡಿ ಸೀಟಿನಿಂದ ಬಳಿ ಸಪ್ಪಳ ಬರ್ತೈತಿ. ಕಿಣ್... ಕಿಣ್... ಆಮ್ಯಾಲ ಒಂದು ಹೆಣ್ಣದನಿ. ಇವರು ಕೇಳ್ಯಾರ, ನಾ ಕೇಳೇನಿ, ಬಾಡಿಗಿ ಹತ್ತಿದ ಮಂದೀನೂ ಕೇಳ್ಯಾರ. ಒಂದ ಮಾತು, ದಿನಾ ಅದ ಮಾತು."

"ಏನಂತೈತಿ?" ನಾ ಕೇಳಿದೆ.

ಆಕಿ ಶಂಕ್ರಪ್ಪನ ಕಡೆ ನೋಡಿದ್ಲು. "ಇಳಕಲ್ಲ ಬಂತೇನ್ರಿ... ಅಂತೈತಿ."

ಶಂಕ್ರಪ್ಪ ಕೈಯಾನ ಚಾದ ಕಪ್ಪು ಕೆಳಗಿಟ್ಟ. ಆಮ್ಯಾಲ, ಯಾರ ಮುಂದೂ ಹೇಳದ್ದನ್ನ ಹೇಳಿದ.

"ಅವತ್ತ ದಾರೀತುಂಬ ಇದನ್ನ ಕೇಳಿದ್ಲು. ಕಮತಗಿ ಬಂದ್ರ, ಇಳಕಲ್ಲ ಬಂತೇನ್ರಿ. ಅಮೀನಗಡ ಬಂದ್ರ, ಇಳಕಲ್ಲ ಬಂತೇನ್ರಿ. ನಾ ಬಂತು, ಬಂತು ಅನಕೋತ ಹೊಡದೆ. ಹುನಗುಂದ ಹತ್ರ ಕೇಳೂದು ಬಿಟ್ಲು. ನಿದ್ದಿ ಹತ್ತೇತಿ, ಕೆಡಬಾರ್ದು ಅಂತ ಸಾವಕಾಶ ತಂದೆ. ಮನಿ ಮುಂದ ನಿಲ್ಲಿಸಿ ಎಬ್ಬಿಸಿದೆ..."

ಮಾಬುಬಿ ಸೆರಗು ಬಾಯಿಗೆ ಹಿಡಕೊಂಡ್ಲು.

"ದನಿ ಹೆಂಗೈತವ್ವಾ? ಸಂಕಟದಾಗ ಇದ್ದಂಗ ಐತೇನು?" ಶಂಕ್ರಪ್ಪ ಕೇಳಿದ.

"ಇಲ್ರಿ ಅಣ್ಣಾವ್ರ. ನಿದ್ದಿಗಣ್ಣಾಗ ಕೇಳಿದಂಗೈತಿ."

ಅಂವ ಗೋಣ ಹಾಕಿದ. "ಎರಡು ವರ್ಷ ಅದ ಗಾಡ್ಯಾಗ ಒಬ್ಬನ ತಿರಗೇನಿ. ನನಗೊಂದು ಮಾತ ಕೇಳಿಸಿಲ್ಲ."

ಶಂಕ್ರಪ್ಪ ವ್ಯಾನಿನ ಕೀಲಿಕೈ ಹುಸೇನಪೀರನ ಕೈಯಾಗ ಇಟ್ಟ, ಫಿಯಾಟಿಂದು ತಗೊಂಡ.

ಹೊಂಟಾಗ ಕತ್ತಲಾಗಿತ್ತು. ನಾ ಹಿಂದ ಕುಂತೆ. ಮುಂದ ಎಡಗಡಿ ಸೀಟು ಖಾಲಿ. ಗುಳೇದಗುಡ್ಡ ದಾಟಿತು, ಏನಿಲ್ಲ. ಇಂಜಿನ್ ಸಪ್ಪಳ, ಕಿಡಕಿ ಗ್ಲಾಸು ಗಡಗಡ ಅನ್ನೂದು, ಅಷ್ಟ. ಕಮತಗಿ ಬಿಟ್ಟು ಸ್ವಲ್ಪ ಮುಂದ ಬಂದಿದ್ವಿ...

ಕಿಣ್.

ನನ್ನ ಮೈಮ್ಯಾಲಿನ ಕೂದಲಾ ಎದ್ದು ನಿಂತ್ವು. ಸೀಟಿನ ಸ್ಪ್ರಿಂಗು ಕಿರ್ರ್ ಅಂತು, ಮಲಗಿದವರು ಮಗ್ಗಲಾ ಬದಲಿಸಿದಂಗ. ಆಮ್ಯಾಲ ದನಿ. ನಮ್ಮ ವೈನಿ ದನಿ ನನಗ ಗೊತ್ತಿಲ್ಲೇನು?

"ಇಳಕಲ್ಲ ಬಂತೇನ್ರಿ?"

ಶಂಕ್ರಪ್ಪ ರಸ್ತಾ ನೋಡಕೋತ ಗಾಡಿ ಹೊಡ್ಯಾಕತ್ತಿದ್ದ. ಅವಗ ಕೇಳೇ ಇಲ್ಲ. ಕನ್ನಡ್ಯಾಗ ನನ್ನ ಮಾರಿ ಕಂಡಿರಬೇಕು. ಗಾಡಿ ಸಾವಕಾಶ ಮಾಡಿದ.

"ಏನರ ಅಂದ್ಲೇನು?"

"ಹೂಂ."

"ಏನಂದ್ಲು?"

"ಅದನ್ನ."

ಅಂವ ಖಾಲಿ ಸೀಟಿನ ಕಡೆ ಹೊಳ್ಳಿದ. "ಇನ್ನೂ ಬಂದಿಲ್ಲ," ಅಂದ. "ಅಮೀನಗಡನೂ ಬಂದಿಲ್ಲ. ಮಲ್ಕೊ. ಬಂದಾಗ ಎಬ್ಬಸ್ತೇನಿ."

ಅಮೀನಗಡದಾಗ ಕರದಂಟಿನ ಅಂಗಡಿ ಎಲ್ಲಾ ಮುಚ್ಚಿದ್ವು. ಅಲ್ಲೊಮ್ಮೆ ಕೇಳಿದ್ಲು. ನಾ ಹೇಳಿದೆ. ಅಂವ ಮತ್ತ, "ಇನ್ನೂ ಇಲ್ಲ, ಇದು ಅಮೀನಗಡ," ಅಂದ. ಹುನಗುಂದದಾಗ ಒಮ್ಮೆ. ಆ ದಾರೀತುಂಬ ಅಂವ ತನ್ನ ಹೇಂತಿ ಜೋಡಿ ಮಾತಾಡಿದ, ಆದ್ರ ನನ್ನ ಕಿವೀಲೆ. ನನಗ ಅಂಜಿಕಿ ಹೋಗಿಬಿಟ್ಟಿತ್ತು. ಅವನ ಕುತಿಗಿ ಹಿಂದಿನಿಂದ ನೋಡಕೋತ ಕುಂತಿದ್ದೆ. ಪ್ರತಿ ಸರ್ತಿ ಎಡಕ್ಕ ಬಾಗಿಸ್ತಿದ್ದ, ಈ ಸರ್ತಿಯರ ತನಗ ಕೇಳತೈತೇನೋ ಅನ್ನೂಹಂಗ.

ಮನಿ ಮುಂದ ನಿಲ್ಲಿಸಿದ. ಇಂಜಿನ್ ಆರಿತು. ಟಿಕ್... ಟಿಕ್... ಕಾದ ತಗಡು ಆರೂ ಸಪ್ಪಳ. ಅಂವ ಇಳದು ಸುತ್ತ ಹಾಕಿ ಬಂದು ಎಡಗಡಿ ಬಾಗಲಾ ತಗದ.

"ಈಗ ಬಂತು. ಖರೇನ ಬಂತು. ಇಳಿ."

ಗಾಳಿ ಸುದ್ದಾ ಇರ್ಲಿಲ್ಲ.

"ಇಳದ್ಲೇನು?" ನನ್ನ ಕೇಳಿದ.

"ಗೊತ್ತಾಗ್ಲಿಲ್ಲಣ್ಣಾ."

ಇನ್ನೊಂದೀಟು ಹೊತ್ತು ಬಾಗಲಾ ಹಿಡಕೊಂಡ ನಿಂತ. ಆಮ್ಯಾಲ ಸಾವಕಾಶ ಹಾಕಿದ. ಮನಿ ಕೀಲಿ ತಗದ, ಬಾಗಲಾ ದಬ್ಬಿದ. ಬಾಗಲಾ ಸರೀಲಿಲ್ಲ. ನಾನೂ ಹೆಗಲಾ ಕೊಟ್ಟು ದಬ್ಬಿದೆ. ಇಲ್ಲ. ಒಳಗಿಂದ ಅಗಳಿ ಹಾಕಿತ್ತು.

ಅದು ಹಳೀ ಮಾಳಗಿ ಮನಿ. ಹಿಂದ ಬಾಗಲಾ ಇಲ್ಲ. ಅಗಳಿ ಅಂದ್ರ ತೊಲಿಯಂಥಾ ಕಟಗಿ, ಗ್ವಾಡಿಯೊಳಗಿಂದ ಎಳದು ಬಾಗಲಕ್ಕ ಅಡ್ಡ ಹಾಕೂದು. ಮಧ್ಯಾಹ್ನ ಬಾದಾಮಿಗೆ ಹೊಂಡೂಮುಂದ ಹೊರಗ ಕೀಲಿ ಹಾಕಿದಾಂವ ನಾನ. ಒಳಗ ಒಂದು ಬೆಕ್ಕೂ ಇದ್ದಿಲ್ಲ.

"ಮ್ಯಾಲ ಹತ್ತಿ ಬೆಳಕಿಂಡ್ಯಾಗಿಂದ ಇಳೀತೇನಿ," ಅಂದೆ.

ಅಂವ ನನ್ನ ರಟ್ಟಿ ಹಿಡದ. "ತಡಿ. ದಣದಿರತಾಳ. ತಾನ ತಗೀಲಿ."

ಬಾಗಲಾ ಬಡದ, ಎರಡ ಬೆರಳೀಲೆ. ಟಕ್... ಟಕ್... ಬಾಗಲಕ್ಕ ಬಾಯಿ ಹಚ್ಚಿ, "ನಾನ," ಅಂದ.

ಬಾಗಲ ಮುಂದಿನ ಕಟ್ಟಿ ಮ್ಯಾಲ ಕುಂತ್ವಿ. ನಡುನಡುವ ಎದ್ದು ಬಡೀತಿದ್ದ, ಕಿವಿ ಹಚ್ಚಿ ನಿಂದರ್ತಿದ್ದ, ಹೊಳ್ಳಿ ಬಂದು ಕುಂಡರ್ತಿದ್ದ. ಇಬ್ಬನಿ ಬಿದ್ದು ಅಂಗಿ ತೊಯ್ದಿತ್ತು. ಕೋಳಿ ಕೂಗಿದ ಮ್ಯಾಲ, "ಇನ್ನ ಮ್ಯಾಲ ಹತ್ತು," ಅಂದ.

ಬೆಳಕಿಂಡ್ಯಾಗಿಂದ ಒಳಗ ಇಳದೆ. ಎಲ್ಲಾ ನೋಡಿದೆ. ಯಾರೂ ಇಲ್ಲ. ನಾ ಬಾಗಲಾ ತಗದ್ರ, ಅಂವ ನನ್ನ ಏನೂ ಕೇಳ್ಲಿಲ್ಲ. ಚಪ್ಪಲಿ ಹೊರಗ ಬಿಟ್ಟು, ಒಳಗ ಹೋದ.

ಅಲ್ಲಿಂದ ಮುಂದ ಆ ಫಿಯಾಟಿನ್ಯಾಗ ಯಾರಿಗೂ ಏನೂ ಕೇಳಿಸ್ಲಿಲ್ಲ. ನಾ ಎಷ್ಟೋ ಸರ್ತಿ ಅವನ ಜೋಡಿ ಬಾಗಲಕೋಟಿಗೆ ಹೋಗೇನಿ. ಕತ್ತಲಾದ್ರ ಕನ್ನಡ್ಯಾಗ ನನ್ನ ಮಾರಿ ನೋಡ್ತಿದ್ದ. ನಾ ಇಲ್ಲ ಅಂತ ತಲಿ ಅಳ್ಳಾಡಿಸ್ತಿದ್ದೆ. ಮುಂದ ನೋಡಕೋತ ಗಾಡಿ ಹೊಡೀತಿದ್ದ.

ಅಗಳಿ ತಾನ ಬಿದ್ದಿರಬೇಕು ಅಂತಾರ ಕೆಲವ್ರು. ಅದು ಬೀಳೂ ಅಗಳಿ ಅಲ್ಲ, ಎಳಿಯೂದು. ಆ ಕಡೀ ಗ್ವಾಡಿ ತೂತಿನ್ಯಾಗ ಗೇಣುದ್ದ ಹೊಕ್ಕು ಕುಂತಿತ್ತು. ನಾ ಹೊಳ್ಳಿ ತಗ್ಯಾಕ ಕಾಲು ಒತ್ತಿ, ಎರಡೂ ಕೈಲೆ ಜಗ್ಗಬೇಕಾತು... ಈ ಕೈಲೆ.